ಗದಿಗೆವ್ವ ಹಲ್ಲಿಗೆ ಹಾಸಿದ ಹಾಸಿಗೆ

ಬ್ಯಾಡಗಿಯಲ್ಲಿ ಗದಿಗೆವ್ವನ ಮನೆ ಎಲ್ಲಿ ಎಂದು ಕೇಳಿದರೆ ನಾಲ್ಕು ಜನ ನಾಲ್ಕು ಗದಿಗೆವ್ವರ ಮನೆ ತೋರಿಸುತ್ತಾರೆ. ಚೀಲದ ಗದಿಗೆವ್ವ ಎಂದು ಕೇಳಿದರೆ ಮಾತ್ರ ಎಲ್ಲರ ಬೆರಳೂ ಒಂದೇ ಕಡೆ ತಿರುಗುತ್ತದೆ. ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ, ತಗಡಿನ ಶೆಡ್ಡಿನ ಕೆಳಗೆ, ಮೂವತ್ತೊಂದು ವರ್ಷಗಳಿಂದ ಆಕೆ ಹರಿದ ಗೋಣಿಚೀಲಗಳಿಗೆ ತೇಪೆ ಹಾಕುತ್ತ ಕುಳಿತಿದ್ದಾಳೆ. ಕೈಯಲ್ಲಿ ದಬ್ಬಣ, ಹಲ್ಲಿನಲ್ಲಿ ಸುತಳಿ, ಮಾತು ಓಣಿಯ ಆ ತುದಿಯವರೆಗೆ. ಕಣ್ಣು ಮುಚ್ಚಿಕೊಂಡು ಚೀಲ ಮುಟ್ಟಿದರೂ ಇದರಲ್ಲಿ ಶೇಂಗಾ ಇತ್ತು, ಇದರಲ್ಲಿ ಗೋವಿನಜೋಳ, ಇದು ಡಬ್ಬಿ ಮೆಣಸಿನಕಾಯಿಯದು, ಇದು ಕಡ್ಡಿ ಮೆಣಸಿನಕಾಯಿಯದು ಎಂದು ಹೇಳಿಬಿಡುತ್ತಾಳೆ. ಕಡ್ಡಿ ಎಂದರೆ ಆ ಊರಿನ ಉದ್ದನೆಯ ಸುಕ್ಕುಗಟ್ಟಿದ ಕಾಯಿ. ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ.

ಇಷ್ಟನ್ನೂ ಆಕೆ ಹೇಳುವುದು ಬೆರಳಿನಿಂದ. ಮೂಗಿನ ಸಹಾಯ ಬೇಕಿಲ್ಲ, ಇದ್ದರೂ ಸಿಗುವಂತಿಲ್ಲ. ಪೇಟೆಯ ಹಂಗಾಮಿನಲ್ಲಿ ಹೊರ ಊರಿನವರು ಬಸ್ಸಿಳಿದ ಕೂಡಲೇ ಕರವಸ್ತ್ರ ಹುಡುಕುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ, ಹತ್ತು ಸಲ ಸೀನುತ್ತಾರೆ. ಗದಿಗೆವ್ವನಂಥವರು ಅವರನ್ನು ನೋಡಿ ನಗುತ್ತಾರೆ. ಅದೇ ಊರಿನ ಗಾಳಿಯಲ್ಲಿ ಹುಟ್ಟಿ, ಅದೇ ಗಾಳಿಯಲ್ಲಿ ಉಂಡು ಮಲಗುವವರ ಮೂಗು ಎಂದೋ ಪೆನ್ಶನ್ ತೆಗೆದುಕೊಂಡಿರುತ್ತದೆ.

ಗಂಡ ಶೇಖಪ್ಪ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಮಗ ಪ್ರವೀಣಕುಮಾರ ಹೈಸ್ಕೂಲಿನಲ್ಲಿದ್ದಾಗಲೇ ಶೇಖಪ್ಪ ತೀರಿಕೊಂಡ. ಆಮೇಲೆ ಮನೆ ನಡೆಸಿದ್ದು, ಮಗನನ್ನು ಓದಿಸಿದ್ದು, ಅವನಿಗೆ ಮದುವೆ ಮಾಡಿದ್ದು ಎಲ್ಲ ಆ ದಬ್ಬಣವೇ. ಮಗ ಈಗ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಸೊಸೆ ಶ್ವೇತಾ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಲ್ಯಾಬಿನ ಕೆಲಸದವಳು. ದಪ್ಪ ಕಾಗದದ ಮೇಲೆ ಬೀಜಗಳನ್ನು ಸಾಲಾಗಿ ಜೋಡಿಸಿ, ನೀರು ಕುಡಿಸಿ, ನೂರಕ್ಕೆ ಎಷ್ಟು ಮೊಳಕೆ ಬಂತು ಎಂದು ಎಣಿಸುವುದು ಅವಳ ಕೆಲಸ.

ಮೂರು ವರ್ಷದ ಹಿಂದೆ ಈ ಸೊಸೆ ಅಗಡಿಯ ತವರಿನಿಂದ ಮದುವೆಯಾಗಿ ಬಂದಾಗ ಪಾತ್ರೆ ಪಗಡದ ಜೊತೆಗೆ ಒಂದು ಗಾಜಿನ ಪೆಟ್ಟಿಗೆಯೂ ಬಂತು. ಒಳಗೆ ಒಂದು ಹಲ್ಲಿ. ಗೋಡೆಯ ಮೇಲಿನ ನಮ್ಮ ಹಲ್ಲಿಯಲ್ಲ, ಆಫ್ರಿಕಾ ಮೂಲದ್ದು. ಗೇಣುದ್ದ, ಕಂದು ಪಟ್ಟೆಯ ಮೈ, ಗಜ್ಜರಿಯಷ್ಟು ದಪ್ಪ ಬಾಲ. ಕಾಲೇಜಿನಲ್ಲಿದ್ದಾಗ ಗೆಳತಿಯೊಬ್ಬಳಿಂದ ಪಡೆದು, ಸರ್ಕಾರದಲ್ಲಿ ಅದರ ಹೆಸರಿಗೆ ನೋಂದಣಿ ಕಾಗದ ಮಾಡಿಸಿ, ಮೈಬಣ್ಣ ನೋಡಿ ನವಣಿ ಎಂದು ಶ್ವೇತಾ ಹೆಸರಿಟ್ಟಿದ್ದಳು.

“ಹಲ್ಲಿ ಮೈಮ್ಯಾಲ ಬಿದ್ರ ಪಂಚಾಂಗ ತಗದು ಫಲ ನೋಡೂ ಮನಿ ಇದು. ನೀ ನೋಡಿದ್ರ ಹಲ್ಲೀನ ಪೆಟಿಗ್ಯಾಗ ಇಟ್ಕೊಂಡು ಬಂದೀಯಲ್ಲ ಯವ್ವಾ!” ಎಂದು ಗದಿಗೆವ್ವ ಹಣೆ ಚಚ್ಚಿಕೊಂಡಿದ್ದಳು. ಓಣಿಯ ಹೆಂಗಸರ ಮುಂದೆ ಅದನ್ನು “ನಮ್ಮ ಬೀಗತಿ” ಎಂದು ಗೇಲಿ ಮಾಡುತ್ತಿದ್ದಳು. ಆದರೆ ಒಂದು ದಿನ ಪೆಟ್ಟಿಗೆಯ ಮುಂದೆ ಕುಳಿತು ಅಕ್ಕಿ ಆರಿಸುವಾಗ ಆ ಹಲ್ಲಿ ಆಕೆಯನ್ನು ನೋಡಿ ರೆಪ್ಪೆ ಮುಚ್ಚಿ ತೆರೆಯಿತು. ಗೋಡೆಯ ಹಲ್ಲಿಗೆ ರೆಪ್ಪೆಯೇ ಇರುವುದಿಲ್ಲ. ಇದು ನಿದ್ದೆ ಬಂದ ಕೂಸಿನ ಹಾಗೆ ನಿಧಾನವಾಗಿ ಮುಚ್ಚಿ, ನಿಧಾನವಾಗಿ ತೆರೆಯಿತು. ಅಂದಿನಿಂದ ಗದಿಗೆವ್ವನ ಗೇಲಿ ಬಾಯಿಯಲ್ಲಷ್ಟೇ ಉಳಿಯಿತು.

ಈ ಫೆಬ್ರುವರಿಯಲ್ಲಿ ಶ್ವೇತಾಳಿಗೆ ಐದು ತಿಂಗಳು ತುಂಬಿ ಕುಬಸವಾಯಿತು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಬೆಳಗಿದ ಮೇಲೆ ಅವಳ ತಾಯಿ ಎಂಟು ದಿನ ಅಗಡಿಗೆ ಕರೆದುಕೊಂಡು ಹೋಗುತ್ತೇನೆ ಎಂದಳು. ಗದಿಗೆವ್ವ ಸಂತೋಷದಿಂದಲೇ ಹೂಂ ಅಂದಳು. ಆದರೆ ಅದರ ಹಿಂದಿನ ದಿನ ಸೊಸೆ ಫೋನಿನಲ್ಲಿ ತಾಯಿಯ ಜೊತೆ ಆಡಿದ ಮಾತೊಂದು ಆಕೆಯ ಕಿವಿಗೆ ಬಿದ್ದಿತ್ತು. “ಆಫೀಸಿನ ಹಂತ್ಯಾಕ ಕೂಸು ನೋಡ್ಕೊಳ್ಳೂ ಸೆಂಟರ್ ಒಂದೈತಿ. ಹೋಗಿ ನೋಡ್ಕೊಂಡು ಬಂದೇನವ್ವಾ.” ಅಷ್ಟೇ. ಆ ಮಾತು ಗದಿಗೆವ್ವನ ಎದೆಯಲ್ಲಿ ಮುಳ್ಳಾಗಿ ನಿಂತಿತು. ಮನೆಯಲ್ಲಿ ಗಟ್ಟಿಮುಟ್ಟಾದ ಅಜ್ಜಿ ಇರುವಾಗ ಮೊಮ್ಮಗುವನ್ನು ಯಾರದೋ ಕೈಗೆ ಕೊಡುವುದೇ? ಕೇಳಲು ಬಾಯಿ ಬರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ಕೇಳಿ ಪಡೆಯುವ ಕಾಲವಲ್ಲ, ಮಾಡಿ ತೋರಿಸುವ ಕಾಲ ಎಂದು ಸುಮ್ಮನಾದಳು.

ಹಾಗಾಗಿ ಹೊರಡುವ ಮುಂಚೆ ಶ್ವೇತಾ, “ಅತ್ತಿ, ಎಂಟು ದಿನ ನವಣೀನ ನೀವ ನೋಡ್ಕೋಬೇಕ್ರಿ” ಎಂದಾಗ ಗದಿಗೆವ್ವನಿಗೆ ಪರೀಕ್ಷೆಯ ಹಾಲ್ ಟಿಕೆಟ್ ಕೈಗೆ ಬಂದಂತಾಯಿತು.

ಶ್ವೇತಾ ಒಂದೊಂದಾಗಿ ತೋರಿಸಿದಳು. ತೌಡಿನ ಡಬ್ಬಿಯಲ್ಲಿ ಹುಳುಗಳಿವೆ, ದಿನ ಬಿಟ್ಟು ದಿನ ನಾಲ್ಕು ಹಾಕಬೇಕು. ನೀರಿನ ಬಟ್ಟಲು ದಿನವೂ ತೊಳೆಯಬೇಕು. ನೆಲಕ್ಕೆ ಹಾಸಿದ ದಪ್ಪ ಕಾಗದ ಹೊಲಸಾದರೆ ಬದಲಿಸಬೇಕು. ಅದು ಅವಳ ಲ್ಯಾಬಿನಲ್ಲಿ ಬೀಜ ಮೊಳಕೆ ಬರಿಸುವ ಜಾತಿಯ ಕಾಗದ. ಒಂದು ಸುರುಳಿ ತಂದಿಟ್ಟಿದ್ದಳು. ರಾಣೆಬೆನ್ನೂರಿನ ದನದ ಡಾಕ್ಟರ್ ವೀರೇಂದ್ರ ಅವರ ನಂಬರನ್ನು ಫ್ರಿಜ್ಜಿಗೆ ಅಂಟಿಸಿದಳು.

“ಕಾಗದ ಬಿಟ್ಟು ಬ್ಯಾರೆ ಏನೂ ಹಾಸಬ್ಯಾಡ್ರಿ ಮತ್ತ.”

“ಯಾಕವ್ವಾ?”

“ಹಂಗರಿ. ಕಾಗದಾನ ಚಲೋ” ಎಂದು ಶ್ವೇತಾ ಚೀಲದ ಚೈನು ಎಳೆಯತೊಡಗಿದಳು. ಯಾಕೆ ಚಲೋ ಎಂದು ಹೇಳಲಿಲ್ಲ. ಗದಿಗೆವ್ವ ಮತ್ತೆ ಕೇಳಲೂ ಇಲ್ಲ.

ಮೊದಲ ದಿನ ಎಲ್ಲ ಸುಸೂತ್ರ. ಎರಡನೆಯ ದಿನ ಹುಸೇನಬಿ ಬಂದಳು. ಆಕೆ ಗದಿಗೆವ್ವನ ಶೆಡ್ಡಿನಲ್ಲೇ ಚೀಲ ಹೊಲಿಯುವವಳು, ಇಪ್ಪತ್ತು ವರ್ಷಗಳಿಂದ ಗೆಳತಿ. ಕಪ್ಪಿನಲ್ಲಿ ಚಹಾ ಹಿಡಿದುಕೊಂಡು ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, “ಕೆಳಗ ಕರೆಂಟಿನ ಬಿಸಿ ಹಾಳಿ, ಮ್ಯಾಲ ಗಾಜಿನ ಮನಿ, ಬಾಣಂತಿ ಕೋಲಿ ಇದ್ದಂಗ ಐತಿ ಗದಿಗೆವ್ವಕ್ಕಾ. ಹಾಸೂದು ಮಾತ್ರ ರದ್ದಿ ಕಾಗದ ಏನು?” ಎಂದಳು.

ಹುಸೇನಬಿ ಸುಮ್ಮನೆ ಆಡಿದ ಮಾತು. ಆದರೆ ಗದಿಗೆವ್ವನಿಗೆ ಚುಚ್ಚಿತು. ಅರ್ಧ ಬ್ಯಾಡಗಿಯ ಕಟ್ಟೆ, ಕಾಟು, ಕುರ್ಚಿಗಳ ಮೇಲೆ ಹಾಸಿರುವುದು ತಾನು ಹೊಲಿದ ಚೀಲ. ತನ್ನ ಸ್ವಂತ ಮನೆಯಲ್ಲಿ ಒಂದು ಜೀವ ಕಾಗದದ ಮೇಲೆ ಮಲಗಬೇಕೆ? ಸೊಸೆಗೇನು, ಲ್ಯಾಬಿನಲ್ಲಿ ಬೀಜ ಮಲಗಿಸಿ ರೂಢಿ. ಕಾಲು, ಹೊಟ್ಟೆ ಇರುವ ಜೀವಕ್ಕೆ ಮೆತ್ತಗೆ ಏನಾದರೂ ಬೇಡವೇ? ಶ್ವೇತಾ ತಿರುಗಿ ಬಂದು ನೋಡಿದಾಗ “ಅತ್ತಿ, ಎಷ್ಟು ಚಂದ ಮಾಡೀರಿ!” ಅನ್ನಬೇಕು. ಒಂದು ಹಲ್ಲಿಗೆ ಇಷ್ಟು ಮಾಡುವವಳು ಕೂಸಿಗೆ ಎಷ್ಟು ಮಾಡಿಯಾಳು ಎಂದು ಅವಳಿಗೆ ಅನಿಸಬೇಕು. ಈ ಕೊನೆಯ ಆಸೆಯೇ ಎಲ್ಲಕ್ಕೂ ಮೂಲ.

ಗದಿಗೆವ್ವ ಅಜಾಗರೂಕಳಲ್ಲ ಎಂಬುದನ್ನೂ ಹೇಳಬೇಕು. ಚೀಲಗಳ ರಾಶಿಯಲ್ಲಿ ಅರ್ಧ ತಾಸು ಹುಡುಕಿದಳು. ಆಂಧ್ರದ ಕಡೆಯ ಖಾರದ ಕಾಯಿ ತುಂಬಿದ್ದ ಚೀಲಗಳನ್ನು ಅತ್ತ ಸರಿಸಿ, ಅಪ್ಪಟ ಬ್ಯಾಡಗಿ ಕಡ್ಡಿಯದೊಂದನ್ನು ಆರಿಸಿದಳು. ಅದರಲ್ಲಿ ಬಣ್ಣ ಬಿಟ್ಟರೆ ಖಾರವೆಲ್ಲಿರುತ್ತದೆ? ಪೆಟ್ಟಿಗೆಯ ಅಳತೆಗೆ ಕತ್ತರಿಸಿ, ಮೂರು ನೀರಿನಲ್ಲಿ ತೊಳೆದು, ಶೆಡ್ಡಿನ ಮುಂದಿನ ಹಗ್ಗದ ಮೇಲೆ ಒಣಹಾಕಿದಳು. ಹಗ್ಗದ ಕೆಳಗೆ ಯಾರದೋ ಹತ್ತು ಚೀಲ ಮೆಣಸಿನಕಾಯಿ ಬಿಸಿಲು ಕಾಯುತ್ತಿತ್ತು. ಅದು ಅಲ್ಲಿ ಸದಾ ಇರುವಂಥದ್ದು, ಕಣ್ಣಿಗೆ ಬೀಳುವುದೇ ಇಲ್ಲ. ಒಣಗಿದ ಮೇಲೆ ಅಂಚಿಗೆ ಸುತಳಿಯ ಗೊಂಡೆ ಕಟ್ಟಿದಳು, ನಾಲ್ಕು ಮೂಲೆಗೂ ಒಂದೊಂದು. ಕಾಗದ ಕಿತ್ತು, ಆ ಹಾಸಿಗೆ ಹಾಸಿ, ನವಣಿಯನ್ನು ಅದರ ಮೇಲೆ ಬಿಟ್ಟಳು.

ನವಣಿ ನಾಲಗೆ ಹೊರಹಾಕಿ ಹಾಸಿಗೆಯನ್ನು ಒಮ್ಮೆ ನೆಕ್ಕಿತು. ಎರಡನೆಯ ಸಲ ನೆಕ್ಕಲಿಲ್ಲ. ಸರಸರನೆ ಹೋಗಿ ಮಣ್ಣಿನ ಕುಡಿಕೆಯೊಳಗೆ ಹೊಕ್ಕಿತು.

ಮರುದಿನ ಬೆಳಿಗ್ಗೆ ನೋಡಿದರೆ ನೀರಿನ ಬಟ್ಟಲಿನಲ್ಲಿ ಕುಳಿತಿದೆ. ಮಧ್ಯಾಹ್ನವೂ ಅಲ್ಲೇ. ಗದಿಗೆವ್ವ ಹಿಗ್ಗಿ ಹೀರೇಕಾಯಿಯಾದಳು. ಸಂಜೆ ಸೊಸೆಯ ಫೋನು ಬಂದಾಗ, “ನಿನ್ನ ನವಣಿ ರಾಣಿ ಹಂಗ ಕುಂತು ಜಳಕಾ ಮಾಡಾಕತ್ತಾಳ ನೋಡು!” ಎಂದಳು.

“ಜಳಕಾ?” ಶ್ವೇತಾಳ ದನಿ ಸಣ್ಣಗಾಯಿತು. “ಆಕಿ ನೀರಿಗೆ ಇಳಿಯಾಕಿ ಅಲ್ಲಲ್ರಿ ಅತ್ತಿ. ಅರಾಮ ಅದಾಳಲ್ಲ?”

“ಅರಾಮ ಅದಾಳ ತಗೋ. ನೀ ಹೊಟ್ಟಿ ತುಂಬ ಉಣ್ಣು.”

ಫೋನು ಇಟ್ಟ ಮೇಲೆ ಗದಿಗೆವ್ವನಿಗೆ ಯಾಕೋ ಸರಿಯೆನಿಸಲಿಲ್ಲ. ಹೋಗಿ ನವಣಿಯನ್ನು ಎತ್ತಿ ಹಾಸಿಗೆಯ ಮೇಲೆ ಬಿಟ್ಟು, ನಾಲ್ಕು ಹುಳು ಹಾಕಿದಳು. ಹುಳುಗಳು ಗೋಣಿಯ ಎಳೆಗಳ ಸಂದಿಯಲ್ಲಿ ಸಿಕ್ಕಿಕೊಂಡವು. ನವಣಿ ಒಂದಕ್ಕೆ ಬಾಯಿ ಹಾಕಿತು. ಹುಳುವಿನ ಜೊತೆಗೆ ನಾರೂ ಕಿತ್ತು ಬಂತು. ಹೇಗೋ ನುಂಗಿ ಮತ್ತೆ ಬಟ್ಟಲಿಗೆ ನಡೆಯಿತು.

ಅದರ ಮರುದಿನ ಬೆಳಿಗ್ಗೆ ನವಣಿಯ ಎರಡೂ ಕಣ್ಣು ಊದಿ ಮುಚ್ಚಿದ್ದವು. ಬಾಯಿಯ ಮೂಲೆಯಲ್ಲಿ ಒಂದು ಗೋಣಿಯ ಎಳೆ ನೇತಾಡುತ್ತಿತ್ತು. ಕರೆದರೂ ಮುಟ್ಟಿದರೂ ಅಲುಗಲಿಲ್ಲ. ಗದಿಗೆವ್ವ ಬಾಗಿಲಿಗೆ ಓಡಿದಳು. “ಹುಸೇನಬೀ!” ಎಂದು ಕೂಗಿದ ದನಿಗೆ ಓಣಿಯ ನಾಯಿಗಳೂ ಎದ್ದು ನಿಂತವು.

ಫ್ರಿಜ್ಜಿನ ಮೇಲಿನ ನಂಬರಿಗೆ ಫೋನು ಮಾಡಿ, ಇಬ್ಬರೂ ರಾಣೆಬೆನ್ನೂರಿನ ಬಸ್ಸು ಹತ್ತಿದರು. ಬಸ್ಸಿನ ಕುಲುಕಾಟಕ್ಕೆ ನೋವಾಗಬಾರದೆಂದು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದೇ ಗೊಂಡೆಯ ಹಾಸಿಗೆಯನ್ನು ಎರಡು ಮಡಿಕೆ ಮಾಡಿ ಹಾಸಿ ನವಣಿಯನ್ನು ಮಲಗಿಸಿದ್ದರು. ಮುಂದಿನ ಸೀಟಿನಲ್ಲಿದ್ದ ಕರಾವಳಿಯ ಕಡೆಯ ಮನುಷ್ಯನೊಬ್ಬ ಒಂದೇ ಸಮನೆ ಸೀನುತ್ತಿದ್ದ. “ಪಾಪ, ಥಂಡಿ ಆಗೇತಿ” ಎಂದಳು ಹುಸೇನಬಿ. ಗದಿಗೆವ್ವನ ಗಮನ ಅಲ್ಲಿರಲಿಲ್ಲ. ಒಂದು ಹಲ್ಲಿಯನ್ನು ಎಂಟು ದಿನ ನೋಡಿಕೊಳ್ಳಲಾರದವಳ ಕೈಗೆ ಹೆತ್ತ ಮಗುವನ್ನು ಯಾವ ತಾಯಿ ಕೊಟ್ಟಾಳು ಎಂಬ ಒಂದೇ ಮಾತು ಆಕೆಯ ತಲೆಯಲ್ಲಿ ಗಾಣದೆತ್ತಿನಂತೆ ಸುತ್ತುತ್ತಿತ್ತು.

ಡಾಕ್ಟರ್ ವೀರೇಂದ್ರ ಇನ್ನೂ ಹರೆಯದವರು. ಎಮ್ಮೆ, ಆಕಳು, ನಾಯಿಗಳನ್ನು ನೋಡಿ ಪಳಗಿದ ಕೈ. ಡಬ್ಬಿಯ ಮುಚ್ಚಳ ತೆಗೆದು ಬಗ್ಗಿದವರು ಒಮ್ಮೆ ಸೀನಿದರು. ಸಾವರಿಸಿಕೊಂಡು ಮತ್ತೆ ಬಗ್ಗಿದರು, ಮತ್ತೆ ಸೀನಿದರು.

“ಏನು ಹಾಸೀರವ್ವಾ ಇದರಾಗ?”

“ಚೀಲರಿ ಸಾಹೇಬ್ರ. ಚಲೋತಂಗ ತೊಳದದ್ದು.”

“ಯಾವ ಚೀಲ?”

“ಮೆಣಸಿನಕಾಯಿದ್ದರಿ. ಆದ್ರ ಆಂಧ್ರದ್ದಲ್ಲ, ನಮ್ಮ ಕಡ್ಡಿದು. ಅದರಾಗ ಖಾರ ಇರಂಗಿಲ್ರಿ, ಬರೇ ಬಣ್ಣ.”

ಡಾಕ್ಟರು ಮೂರನೆಯ ಸಲ ಸೀನಿದರು. ಕಣ್ಣಲ್ಲಿ ನೀರು ಬಂತು. “ನಿಮಗ ಘಾಟು ಬಡಿಯಾಕತ್ತಿಲ್ಲೇನು?”

ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು. ಹುಸೇನಬಿ ಹಾಸಿಗೆಯ ತುದಿಯನ್ನು ಎತ್ತಿ ಮೂಗಿಗೆ ಹಿಡಿದು ಜೋರಾಗಿ ಎಳೆದಳು. “ಏನೂ ಇಲ್ಲಲ್ರಿ ಸಾಹೇಬ್ರ.”

“ಯಾವೂರು ನಿಮ್ದು?”

“ಬ್ಯಾಡಗಿರಿ.”

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಆದರೆ ನವಣಿಯ ಬಾಯಿಯ ಎಳೆ ಕಂಡದ್ದೇ ನಗು ನಿಂತಿತು. ಮೂರು ವರ್ಷದ ಹಿಂದೆ ಇಂಥದೊಂದನ್ನು ನೋಡಿದ್ದು ಬಿಟ್ಟರೆ ತನಗೆ ಈ ಜಾತಿಯ ಪ್ರಾಣಿ ಹೆಚ್ಚು ಗೊತ್ತಿಲ್ಲವೆಂದು ನೇರವಾಗಿ ಹೇಳಿ, ಹಾವು ಹಲ್ಲಿಗಳನ್ನೇ ನೋಡುವ ಗೆಳತಿಯೊಬ್ಬರಿಗೆ ವಿಡಿಯೋ ಫೋನು ಮಾಡಿದರು. ಆಕೆ ಹೇಳಿದಂತೆ ಮಾಡುತ್ತ ಹೋದರು. ಎಳೆಯನ್ನು ಎಳೆಯಲಿಲ್ಲ, ಹೊರಗಿದ್ದಷ್ಟನ್ನು ಕತ್ತರಿಸಿದರು. ಕಣ್ಣನ್ನು ಸಲೈನಿನಿಂದ ತೊಳೆದು ಹನಿ ಹಾಕಿದರು. ಉಗುರು ಬೆಚ್ಚಗಿನ ನೀರಿನಲ್ಲಿ ಮೈ ನೆನೆಸಿದರು. ಗದಿಗೆವ್ವ ದೇವರ ಮುಂದೆ ನಿಂತಂತೆ ಕೈ ಮುಗಿದುಕೊಂಡೇ ನಿಂತಿದ್ದಳು.

“ಕಣ್ಣು ಸುಧಾರಿಸ್ತಾವ” ಎಂದರು ಡಾಕ್ಟರು. “ಹೊಟ್ಟೀದ ಚಿಂತಿ. ಎಷ್ಟು ನಾರು ನುಂಗೇತಿ ಗೊತ್ತಿಲ್ಲ. ಒಳಗ ಗಂಟು ಬಿದ್ರ ಆಪರೇಶನ್ನ ಆಗಬೇಕು, ಇಷ್ಟು ಸಣ್ಣ ಜೀವ ತಡಕೊಳ್ಳೂದು ಕಷ್ಟ. ಮೂರು ದಿನ ನೋಡೂಣು. ಹೇತ್ರ ಬದುಕಿತು ಅಂತ ತಿಳ್ಕೋರಿ. ಇನ್ನ ಮ್ಯಾಲ ಕಾಗದ, ಇಲ್ಲಾ ನುಣುಪಾದ ಫರ್ಸಿಕಲ್ಲು. ನುಂಗಾಕ ಬರೂವಂಥದ್ದು, ಎಳಿ ಬಿಡೂವಂಥದ್ದು, ವಾಸನಿ ಇರೂವಂಥದ್ದು ಯಾವುದೂ ಕೆಳಗ ಹಾಸಬ್ಯಾಡ್ರಿ.”

ಮನೆಗೆ ಬಂದವಳೇ ಗದಿಗೆವ್ವ ಗೊಂಡೆಯ ಹಾಸಿಗೆಯನ್ನು ಒಲೆಗೆ ಹಾಕಲು ಹೋದಳು. ಹೊಗೆಯೂ ಘಾಟೇ ಎಂದು ನೆನಪಾಗಿ ಕೈ ಹಿಂದೆಗೆದು, ಓಣಿಯಾಚೆಯ ತಿಪ್ಪೆಗೆ ಒಯ್ದು ಎಸೆದಳು. ಪೆಟ್ಟಿಗೆ, ಕುಡಿಕೆ, ಬಟ್ಟಲು ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆದಳು. ಹೊಸ ಕಾಗದ ಕೈಗೆತ್ತಿಕೊಂಡವಳು ಥಟ್ಟನೆ ನಿಂತಳು. ಘಾಟು ಹೋಯಿತೋ ಇಲ್ಲವೋ ತನಗೆ ಹೇಗೆ ತಿಳಿಯಬೇಕು? ತನ್ನ ಮೂಗನ್ನು ನಂಬುವಂತಿಲ್ಲ. ಹುಸೇನಬಿಯ ಮೂಗು ತನ್ನದಕ್ಕಿಂತ ಕಡೆ.

ಆಗ ಐಶ್ವರ್ಯ ನೆನಪಾದಳು. ನಂಜನಗೂಡಿನ ಕಡೆಯ ಹುಡುಗಿ. ಗಂಡನಿಗೆ ಬ್ಯಾಂಕಿನಲ್ಲಿ ಬದಲಿಯಾಗಿ ತಿಂಗಳ ಹಿಂದೆ ಎದುರುಮನೆಗೆ ಬಂದವಳು. ಬಂದಂದಿನಿಂದ ಕಿಟಕಿ ಮುಚ್ಚಿಕೊಂಡು ಸೀನುವುದೇ ಅವಳ ಕೆಲಸ. “ಕಾಗದದ ಮೂಗಿನ ಗೊಂಬಿ” ಎಂದು ಓಣಿಯ ಹೆಂಗಸರ ಮುಂದೆ ಅಣಕಿಸಿದವಳು ಇದೇ ಗದಿಗೆವ್ವ. ಈಗ ಅವಳ ಬಾಗಿಲು ತಟ್ಟಿ, “ಯವ್ವಾ, ಒಂದೈದು ನಿಮಿಷ ನಿನ್ನ ಮೂಗು ಬೇಕಾಗೇತಿ” ಎಂದಳು.

ಐಶ್ವರ್ಯ ನಗುತ್ತಲೇ ಬಂದಳು. ಪೆಟ್ಟಿಗೆ ಮೂಸಿದಳು, ಸೀನು ಬರಲಿಲ್ಲ. ಬಟ್ಟಲು ಮೂಸಿದಳು, ಬರಲಿಲ್ಲ. ಕಾಗದದ ಸುರುಳಿಯೂ ಪಾಸಾಯಿತು. ಗದಿಗೆವ್ವ ನಿಟ್ಟುಸಿರು ಬಿಟ್ಟು ಮಣ್ಣಿನ ಕುಡಿಕೆಯನ್ನು ಅವಳ ಮೂಗಿನ ಹತ್ತಿರ ಹಿಡಿದಳು. ಐಶ್ವರ್ಯ ಸೀನಿದಳು.

“ಕುಡಿಕಿ ಇನ್ನೊಮ್ಮಿ ತೊಳೀತೀನಿ.”

“ಕುಡಿಕೆ ಅಲ್ಲ ಅಮ್ಮ” ಎಂದಳು ಐಶ್ವರ್ಯ ಸಂಕೋಚದಿಂದ. “ನಿಮ್ಮ ಕೈಯಿಂದಲೇ ಬರ್ತಾ ಇದೆ.”

ಗದಿಗೆವ್ವ ತನ್ನ ಅಂಗೈಗಳನ್ನು ನೋಡಿಕೊಂಡಳು. ಸುತಳಿ ಎಳೆದು ಗೆರೆ ಸವೆದ ಕೈ. ಬೆರಳ ಸಂದುಗಳಲ್ಲಿ ಎಷ್ಟು ತೊಳೆದರೂ ಹೋಗದ ಕೆಂಪು. ಮೂವತ್ತೊಂದು ವರ್ಷದ ಮೆಣಸಿನಕಾಯಿ ಅಲ್ಲಿ ಮನೆ ಮಾಡಿತ್ತು. ಈ ಕೈಯಿಂದಲೇ ನವಣಿಯನ್ನು ಎತ್ತಿದ್ದಳು, ಈ ಕೈಯಿಂದಲೇ ನಾಳೆ ಕೂಸಿಗೆ ಎಣ್ಣೆ ತಿಕ್ಕಬೇಕೆಂದು ಕನಸು ಕಂಡಿದ್ದಳು. ಆಕೆಗೆ ಅಳು ಬಂತು. ಐಶ್ವರ್ಯಳ ಮುಂದೆಯೇ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

“ಎಣ್ಣೆ ಹಚ್ಚಿ ತಿಕ್ಕಿ ನೋಡಿ ಅಮ್ಮ. ಖಾರ ಬರೀ ನೀರಿಗೆ ಹೋಗಲ್ಲ, ಎಣ್ಣೆಗೆ ಬಿಡುತ್ತೆ” ಎಂದಳು ಐಶ್ವರ್ಯ.

ಆ ಮೂರು ದಿನ ಗದಿಗೆವ್ವ ಶೆಡ್ಡಿಗೆ ಹೋಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಗಂಡ ತೀರಿಕೊಂಡಾಗ ಬಿಟ್ಟರೆ ಇದೇ ಮೊದಲು. ಕೊಬ್ಬರಿ ಎಣ್ಣೆ ಹಚ್ಚುವುದು, ಕಡಲೆಹಿಟ್ಟು ಹಾಕಿ ತಿಕ್ಕುವುದು, ಸೋಪು ಹಚ್ಚಿ ತೊಳೆಯುವುದು, ಎದುರುಮನೆಗೆ ಹೋಗಿ ಕೈ ಚಾಚುವುದು. ಮೊದಲ ದಿನ ಐಶ್ವರ್ಯ ಎರಡು ಸಲ ಸೀನಿದಳು. ಎರಡನೆಯ ದಿನ ಒಂದು ಸಲ. ಮೂರನೆಯ ದಿನ ಮೂಗನ್ನು ಅಂಗೈಗೆ ತಾಗಿಸಿ ಎಳೆದು, ತಲೆಯಾಡಿಸಿ, “ಪಾಸ್” ಎಂದಳು. ಪ್ರವೀಣಕುಮಾರ ಪಾಳಿ ಮುಗಿಸಿ ಬಂದು ನೋಡಿ, “ಅವ್ವಾ, ಏನು ನಡಸೀದಿ ಇದು?” ಎಂದ. “ಪರೀಕ್ಷಾ” ಎಂದಳು ಗದಿಗೆವ್ವ. ಮತ್ತೆ ಕಡಲೆಹಿಟ್ಟಿಗೆ ಕೈ ಹಾಕಿದಳು.

ನವಣಿಯ ಕಣ್ಣು ಎರಡನೆಯ ದಿನಕ್ಕೇ ತೆರೆದವು. ಆದರೆ ಕಾಗದ ಬಿಳುಪಾಗಿಯೇ ಇತ್ತು. ಗದಿಗೆವ್ವ ಪೆಟ್ಟಿಗೆಯ ಮುಂದೆ ಚಾಪೆ ಹಾಸಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಳು. ಡಾಕ್ಟರು ಹೇಳಿದಂತೆ ದಿನಕ್ಕೆ ಎರಡು ಸಲ ಬೆಚ್ಚಗಿನ ನೀರಿನಲ್ಲಿ ಕೂರಿಸಿ ಹೊಟ್ಟೆಯ ಕೆಳಗೆ ಬೆರಳಿನಿಂದ ಮೆಲ್ಲಗೆ ನೀವಿದಳು. ಸಂಜೆ ಸಂಜೆ ಸೊಸೆಯ ಫೋನು ಬಂದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳುವ ಮುಂಚೆಯೇ “ಅರಾಮ ಅದಾಳ, ಅರಾಮ ಅದಾಳ” ಎನ್ನುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಐಶ್ವರ್ಯಳ ಮನೆಯಿಂದ ಪಾಸಾಗಿ ಬಂದವಳು ನೋಡುತ್ತಾಳೆ: ನವಣಿ ಮೂಲೆಯಲ್ಲಿ ಬಾಲ ಎತ್ತಿ ನಿಂತಿದೆ. ಗದಿಗೆವ್ವ ಉಸಿರು ಹಿಡಿದಳು. ಕಾಗದದ ಮೇಲೆ ಕಪ್ಪಗೆ ಒಂದು ತುಣುಕು ಬಿತ್ತು, ಅದರ ತುದಿಗೆ ಸುಣ್ಣದಂತೆ ಒಂದು ಬಿಳಿ ಚುಕ್ಕೆ. ಕಡ್ಡಿಯಿಂದ ಬಿಡಿಸಿ ನೋಡಿದರೆ ಒಳಗೆ ಸುತ್ತಿಕೊಂಡಿದ್ದ ಗೋಣಿಯ ಎಳೆಗಳು, ನಾಲ್ಕು.

“ಹೇತಾಳ! ಹುಸೇನಬೀ, ನಮ್ಮ ನವಣಿ ಹೇತಾಳವ್ವಾ!”

ಶೆಡ್ಡಿನಿಂದ ಹುಸೇನಬಿ ದಬ್ಬಣ ಹಿಡಿದುಕೊಂಡೇ ಓಡಿಬಂದಳು. ಎದುರುಮನೆಯ ಕಿಟಕಿ ತೆರೆಯಿತು. ದಾರಿಯಲ್ಲಿ ಹೋಗುತ್ತಿದ್ದ ಹಮಾಲರು ನಿಂತು, ಯಾರ ಮನೆಯ ಕೂಸು, ಎಷ್ಟು ದಿನದಿಂದ ಕಟ್ಟಿತ್ತು ಎಂದು ವಿಚಾರಿಸಿದರು. ಹಲ್ಲಿಯ ಹೇಲು ನೋಡಿ ಹೀಗೆ ಕುಣಿದಾಡಿದ ಮನೆ ಬ್ಯಾಡಗಿಯಲ್ಲಿ ಹಿಂದೆ ಇರಲಿಲ್ಲ, ಮುಂದೆಯೂ ಇರಲಿಕ್ಕಿಲ್ಲ. ಗದಿಗೆವ್ವನಿಗೆ ಹೋದ ಜೀವ ಬಂದಂತಾಗಿತ್ತು. ಹೊಸ್ತಿಲ ಮೇಲೆ ಕುಳಿತು, ಕಾಲು ಚಾಚಿ, ಮೂರು ದಿನಗಳಲ್ಲಿ ಮೊದಲ ಸಲ ಒಂದು ಪೂರ್ತಿ ಕಪ್ಪು ಚಹಾ ಕುಡಿದಳು.

“ಮುಗೀತಲ್ಲಕ್ಕಾ” ಎಂದಳು ಹುಸೇನಬಿ ದನಿ ತಗ್ಗಿಸಿ. “ಹಲ್ಲಿ ಅರಾಮ ಆತು. ಹಾಸಿಗಿ ತಿಪ್ಪೀಗೆ ಹೋತು. ಶ್ವೇತಾಗ ಯಾಕ ಹೇಳ್ತಿ? ಬಾಯಿ ಮುಚ್ಕೊಂಡು ಕುಂದ್ರು. ಡಾಕ್ಟರಗೂ ಸುಮ್ನಿರ್ರಿ ಅಂತ ಹೇಳಿದ್ರ ಆತು.”

ಮಾತು ಸುಳ್ಳಲ್ಲ. ಹೇಳದಿದ್ದರೆ ಸೊಸೆಗೆ ತಿಳಿಯುವುದಿಲ್ಲ. ಹೇಳಿದರೆ ಆ ಸೆಂಟರಿಗೆ ಹೆಸರು ಬರೆಸುವುದು ಖಂಡಿತ. ಗದಿಗೆವ್ವ ದಿನವಿಡೀ ತೂಗಿದಳು. ತಪ್ಪಾದದ್ದು ಕೈಯಿಂದ, ಅದನ್ನು ತೊಳೆದಾಗಿದೆ. ಹೇಳದಿದ್ದರೆ ಆಗುವ ತಪ್ಪು ಬೇರೆ, ಅದಕ್ಕೆ ಯಾವ ಎಣ್ಣೆ ಹಚ್ಚುವುದು?

ಮರುದಿನ ಮಧ್ಯಾಹ್ನ ಶ್ವೇತಾ ಬಂದಳು. ಚಪ್ಪಲಿ ಬಿಟ್ಟವಳೇ ಪೆಟ್ಟಿಗೆಯ ಮುಂದೆ ಕುಳಿತಳು. ನವಣಿ ಕುಡಿಕೆಯಿಂದ ತಲೆ ಹೊರಹಾಕಿ ರೆಪ್ಪೆ ಬಡಿಯಿತು. ಗದಿಗೆವ್ವ ನೀರು ತಂದುಕೊಟ್ಟು, ಪಕ್ಕದಲ್ಲಿ ಕುಳಿತು, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಚೀಲ ಆರಿಸಿದ್ದು, ಗೊಂಡೆ ಕಟ್ಟಿದ್ದು, ಕಣ್ಣು ಊದಿದ್ದು, ಡಾಕ್ಟರು ಸೀನಿದ್ದು, ಕೈ, ನಾಲ್ಕು ಎಳೆ. “ಅರಾಮ ಅದಾಳ ಅಂತ ದಿನಾ ನಿನಗ ಸುಳ್ಳು ಹೇಳೀನವ್ವಾ” ಎಂದು ಮುಗಿಸಿ ನೆಲ ನೋಡುತ್ತ ಕುಳಿತಳು.

ಶ್ವೇತಾ ನವಣಿಯನ್ನು ಎತ್ತಿ ಕಣ್ಣು, ಹೊಟ್ಟೆ ನೋಡಿ ಮತ್ತೆ ಕಾಗದದ ಮೇಲೆ ಬಿಟ್ಟಳು. ಆಮೇಲೆ ಅವಳ ಬಾಯಿಂದ ಬಂದದ್ದು ಗದಿಗೆವ್ವ ಕಾದಿದ್ದ ಮಾತಲ್ಲ.

“ಕಾಗದ ಯಾಕ ಚಲೋ ಅಂತ ನೀವು ಕೇಳಿದ್ರಿ. ನಾ ಹೇಳಲಿಲ್ಲ. ಯಾಕಂದ್ರ ನಾಚಿಕಿ ಬಂತ್ರಿ ಅತ್ತಿ. ಮದಿವಿ ಆದ ಹೊಸದಾಗಿ ನಾನೂ ಹಿಂಗ ಮಾಡಿದ್ದೆ. ಅಂಗಡ್ಯಾಗ ಬಣ್ಣದ ಉಸುಕು ಕೊಟ್ರು, ಚಂದ ಕಾಣ್ತದಂತ ಹಾಸಿದೆ. ಹುಳದ ಜೋಡಿ ಉಸುಕೂ ನುಂಗಿ ಹನ್ನೊಂದು ದಿನ ಹೊಟ್ಟಿ ಕಟ್ಟಿತ್ತು. ಆಫೀಸಿಗೆ ಹೋಗ್ತೀನಿ ಅಂತ ಹೇಳಿ ಇದೇ ಡಾಕ್ಟರ ಕಡೆ ಹೋಗಿ ಅತಗೋತ ಕುಂದರ್ತಿದ್ದೆ.”

“ನನಗ ಒಂದ ಮಾತು ಹೇಳಬಾರದೇನ ಯವ್ವಾ?”

“ಹೆಂಗ ಹೇಳಲಿರಿ? ಒಂದು ಹಲ್ಲಿ ಸಾಕಾಕ ಬರಲಾರದಾಕಿ ನಾಳೆ ಮಕ್ಕಳನ್ನ ಹೆಂಗ ಸಾಕ್ತಾಳ ಅಂತೀರಿ ಅಂತ ಹೆದರಿದ್ದೆ.”

ಗದಿಗೆವ್ವ ತಲೆಯೆತ್ತಿ ಸೊಸೆಯ ಮುಖ ನೋಡಿದಳು. ನಾಲ್ಕು ದಿನದಿಂದ ತನ್ನ ತಲೆಯಲ್ಲಿ ಸುತ್ತುತ್ತಿದ್ದ ಮಾತನ್ನೇ ಈ ಹುಡುಗಿ ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದಾಳೆ. ಆಕೆಗೆ ನಗು ಬಂತು, ನಗುವಿನ ಹಿಂದೆಯೇ ಅಳು. ಸೊಸೆಯ ಕೈ ಹಿಡಿದುಕೊಂಡು, ಇಷ್ಟು ದಿನ ಕೇಳಲು ಬಾಯಿ ಬಾರದ್ದನ್ನು ಕೇಳಿಯೇಬಿಟ್ಟಳು.

“ಸೆಂಟರ್ ನೋಡಿ ಬಂದೀಯಂತಲ್ಲ, ಶ್ವೇತಾ.”

“ಕೇಳಿಸ್ಕೊಂಡಿದ್ರೇನು?” ಶ್ವೇತಾ ನಾಚಿದಳು. “ಬಂದೇನ್ರಿ. ಅಲ್ಲಿ ನಾ ನಿಂತಾಗ ಒಬ್ಬಾಕಿ ಜಗಳ ಮಾಡಾಕತ್ತಿದ್ಲು. ಕೂಸಿನ ಹಣಿ ಬಾತೇತಿ, ಎಲ್ಲಿ ಬಿತ್ತು ಅಂತ ಕೇಳಿದ್ರ ಒಬ್ರೂ ಬಾಯಿ ಬಿಡಲಿಲ್ಲ. ಬೀಳೂದು ಎಲ್ಲಾ ಕೂಸೂ ಬೀಳ್ತಾವ್ರಿ. ಬಿತ್ತು ಅಂತ ಹೇಳೋರು ಬೇಕಲ್ಲ ಅತ್ತಿ.”

ಅಷ್ಟು ಹೇಳಿ ಅವಳು ಅತ್ತೆಯ ಅಂಗೈಯನ್ನು ಎತ್ತಿ ಮೂಗಿಗೆ ಹಿಡಿದಳು. ದೀರ್ಘವಾಗಿ ಎಳೆದಳು, ಇನ್ನೊಮ್ಮೆ ಎಳೆದಳು.

“ಏನರ ಬಂತೇನ?” ಗದಿಗೆವ್ವ ಕಾತರದಿಂದ ಕೇಳಿದಳು.

“ನನಗೇನೂ ತಿಳೀವಲ್ದರಿ” ಎಂದಳು ಶ್ವೇತಾ. “ಮೂರು ವರ್ಷ ಆತು ನಾ ಈ ಊರಿಗೆ ಬಂದು. ನಂದೂ ಮೂಗು ಹೋಗೇತಿ.”

ಇಬ್ಬರೂ ನಕ್ಕ ನಗೆಗೆ ಎದುರುಮನೆಯ ಕಿಟಕಿ ಮತ್ತೆ ತೆರೆಯಿತು. ಶ್ವೇತಾ ಕಣ್ಣು ಒರೆಸಿಕೊಂಡು, ಅತ್ತೆಯ ಆ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. “ಆರು ತಿಂಗಳ ಹೆರಿಗಿ ರಜಾ ಮುಗದ ಮ್ಯಾಲ ನೀವ ನೋಡ್ಕೋಬೇಕ್ರಿ” ಎಂದಳು.